ಕಾಲಿಗೆ ನೀರು

ಫಾರಂ ಮಾಲೀಕನ ಫೋನು ಬಂದಾಗ ನಾನು ಆಸ್ಪತ್ರೆಯ ಅಂಗಳದಲ್ಲಿ ಭುಜದವರೆಗೆ ಕೈಗವಸು ಏರಿಸಿಕೊಂಡು ಒಂದು ಹಸುವಿನ ಹಿಂದೆ ನಿಂತಿದ್ದೆ. ನನ್ನ ಕೈಕೆಳಗಿನ ಪಶುವೈದ್ಯಕೀಯ ಪರೀಕ್ಷಕರು ಫೋನನ್ನು ನನ್ನ ಕಿವಿಗೆ ಹಿಡಿದರು.

"ಮೇಡಂ, ನೆನ್ನೆಯಿಂದ ಇಪ್ಪತ್ತೆಂಟು ಕೋಳಿ ಹೋಗ್ಬಿಟ್ಟಿವೆ. ಸ್ವಲ್ಪ ಬೇಗ ಬಂದ್ಬಿಡಿ. ಮಿಕ್ಕಿದ್ದೂ ತೂಕಡಿಸ್ತಾ ಇವೆ."

ಅದು ಸೋಮವಾರ. ಹೊಸೂರು ರಸ್ತೆಗೆ ಮೇಲ್ಸೇತುವೆ ಬಂದ ಹೊಸತು. ನನ್ನ ಪಶು ಆಸ್ಪತ್ರೆ ಇದ್ದದ್ದು ಚಂದಾಪುರದಿಂದ ಸ್ವಲ್ಪ ಒಳಕ್ಕೆ. ಸುತ್ತ ಗೋದಾಮುಗಳು, ಕಲ್ಲು ಕೊಯ್ಯುವ ಶೆಡ್ಡುಗಳು, ಕಾರ್ಖಾನೆ ಕೆಲಸಗಾರರ ಬಾಡಿಗೆ ಕೋಣೆಗಳು. ಹಸು ಕಟ್ಟುವುದಕ್ಕೆ ಅಲ್ಲಿ ಹೆಚ್ಚಿನವರಿಗೆ ಜಾಗ ಉಳಿದಿರಲಿಲ್ಲ. ಕೋಳಿಗೆ ಮಾತ್ರ ಎಲ್ಲೆಲ್ಲೂ ಜಾಗವಿತ್ತು. ನೀರಿನ ಟ್ಯಾಂಕಿನ ಕೆಳಗೆ, ಮೆಟ್ಟಿಲಿನ ಸಂದಿಯಲ್ಲಿ, ಖಾಲಿ ಸೈಟಿನ ಕಳೆಗಿಡಗಳ ನಡುವೆ, ಎಲ್ಲಿ ನೋಡಿದರೂ ಒಂದು ಪುಟ್ಟ ಬುಟ್ಟಿ, ಅದರ ಮೇಲೊಂದು ಕಲ್ಲು.

ಫಾರಂ ದೊಡ್ಡದೇನಲ್ಲ. ಗೋದಾಮುಗಳ ಹಿಂದಿನ ಗುತ್ತಿಗೆ ಜಮೀನಿನಲ್ಲಿ ಮೊಟ್ಟೆ ಕೋಳಿಗಳ ಒಂದೇ ಶೆಡ್ಡು. ಸತ್ತ ಮೂರು ಕೋಳಿ ಕೊಯ್ದು ನೋಡಿದೆ. ಜಠರದ ಒಳಗೋಡೆಯ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳಿದ್ದವು. ಹಿಕ್ಕೆ ಹಸಿರಾಗಿತ್ತು. ಬದುಕಿದ್ದ ಒಂದರ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿತ್ತು. "ರಾಣಿಖೇತ್" ಎಂದುಬಿಟ್ಟೆ. ಜನ ಕೊಕ್ಕರೆ ರೋಗ ಎನ್ನುತ್ತಾರಲ್ಲ, ಅದೇ. ಕುತ್ತಿಗೆ ತಿರುಚಿದ ಕೋಳಿ ಕಂಡರೆ ಹಾಗೆ ಹೇಳುವುದು ನಮ್ಮ ವೃತ್ತಿಯವರ ಬಾಯಿಗೆ ಅಂಟಿದ ಅಭ್ಯಾಸ. ಹಕ್ಕಿಜ್ವರದ ತರಬೇತಿಗೆ ನಾನೂ ಹೋಗಿದ್ದೆ. ಎರಡೂ ರೋಗದ ಚಿತ್ರಗಳನ್ನು ಅಕ್ಕಪಕ್ಕ ತೋರಿಸಿ, ಮೊದಲ ದಿನ ವ್ಯತ್ಯಾಸ ತಿಳಿಯುವುದಿಲ್ಲ, ಎಚ್ಚರ ಎಂದಿದ್ದರು. ಊಟವಾದ ಮೇಲಿನ ಪಾಠ ಅದು. ನನಗೆ ನಿದ್ದೆ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಅದಕ್ಕಿಂತ ನಾಚಿಕೆಪಡುವ ವಿಷಯಗಳು ಮುಂದಿವೆ.

ರಾಣಿಖೇತ್ ಎಂದ ಮೇಲೆ ಮುಂದಿನ ಕೆಲಸ ನಿಗದಿಯಾದದ್ದು. ರೋಗ ಕಂಡ ಜಾಗದ ಸುತ್ತಮುತ್ತ ಆರೋಗ್ಯವಾಗಿರುವ ಕೋಳಿಗಳಿಗೆ ಲಸಿಕೆ ಹಾಕಬೇಕು. ಆಸ್ಪತ್ರೆಗೆ ಹೋಗಿ ಏಪ್ರನ್ ಬದಲಿಸಿ, ಫ್ರಿಜ್ಜಿನಿಂದ ಒಂದು ಸೀಸೆ ತೆಗೆದುಕೊಂಡು ಐಸ್ ಡಬ್ಬಿಯಲ್ಲಿಟ್ಟು ಹೊರಟೆವು. ಏಪ್ರನ್ ಬದಲಾಯಿತು. ಕಾಲಲ್ಲಿದ್ದದ್ದು ಅದೇ ಬೂಟು.

ಒಂದು ಸೀಸೆ ನೂರು ಕೋಳಿಗೆ. ಪುಡಿಗೆ ತಣ್ಣನೆಯ ದ್ರಾವಣ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಫಾರಮ್ಮಿಗೆ ಹತ್ತಿರವಿದ್ದ ಕಲ್ಲು ಶೆಡ್ಡಿನ ಸಾಲಿನಲ್ಲಿ ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಒಂದೊಂದು ಹನಿ ಹಾಕಿದೆವು. ಅರವತ್ತರ ಹತ್ತಿರ ಆಯಿತು. ಸೀಸೆಯಲ್ಲಿ ಇನ್ನೂ ನಲವತ್ತು ಹನಿ ಉಳಿದಿತ್ತು, ಗಡಿಯಾರದಲ್ಲಿ ಐವತ್ತು ನಿಮಿಷ.

ನಮ್ಮ ಪರೀಕ್ಷಕರು ಆನೇಕಲ್ ಕಡೆಯವರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. "ಚೆಲ್ಬುಡಾನಾ ಮೇಡಂ?" ಎಂದರು.

ಬೆರೆಸಿದ ಲಸಿಕೆ ಚೆಲ್ಲುವುದೆಂದರೆ ನನಗೆ ಪ್ರಾಣಸಂಕಟ. ಬೇಡಿದಾಗ ಬಾರದ ಲಸಿಕೆ, ಬಂದಾಗ ಚೆಲ್ಲುವುದೆಂದರೆ ಏನು? "ಕಾಲುವೆ ಆಚೆ ರೊಟ್ಟಿ ಅಕ್ಕನ ಸಾಲು ಇದೆಯಲ್ಲ, ಅಲ್ಲಿ ಮುಗಿಸಿಬಿಡೋಣ" ಎಂದೆ. ಈಗ ಹಿಂದಿರುಗಿ ನೋಡಿದರೆ ಎಲ್ಲವೂ ಆ ನಲವತ್ತು ಹನಿಯಿಂದಲೇ ಆಯಿತು.

ರೊಟ್ಟಿ ಅಕ್ಕ ಬಾಗಲಕೋಟೆ ಕಡೆಯ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಬೆಳಗಿನ ಪಾಳಿಗೆ ಕಾರ್ಖಾನೆ ಬಸ್ಸು ಹತ್ತುವವರಿಗೆಲ್ಲ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು, ಹೆಸರು ಹಾಗೆ ಬಂದದ್ದು. ಸಾಲಿನ ಕೊನೆಯ ಕೋಣೆ ಆಕೆಯದು. ಅದರ ಹಿಂದೆ ತಗಡಿನ ಗೇಟು, ಗೇಟಿನ ಒಳಗೆ ಒಂದು ಖಾಲಿ ಸೈಟು, ಸೈಟಿನ ತುಂಬ ಕೋಳಿಗಳು. ಬೂದು ಮೈ, ತಲೆಯ ಮೇಲೆ ಗರಿಯ ದಪ್ಪ ಜುಟ್ಟು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ನಾನು ಆ ತರಹದ ಕೋಳಿಯನ್ನು ಬೇರೆಲ್ಲೂ ನೋಡಿರಲಿಲ್ಲ.

ಮೊದಲ ಸಲ ಕೇಳಿದಾಗ ಆಕೆ ಹೇಳಿದ್ದಳು, "ನಮ್ಮೂರ ಕೋಳಿ ರಿ ಇವು. ಊರು ಡ್ಯಾಮಿನ ಹಿನ್ನೀರಾಗ ಹೋತು. ಹೊಲ ಹೋತು, ಗುಡಿ ಹೋತು, ಮಂದಿ ದಿಕ್ಕಾಪಾಲಾದ್ರು. ಎಲ್ಲಾರೂ ಬಾಗಲಾ ಕಿಟಕಿ ಕಿತ್ಕೊಂಡ ಹೋದ್ರ, ನಾನು ಒಂದು ಹ್ಯಾಟಿ, ಒಂದು ಹುಂಜಾ, ಜೋಳದ ಚೀಲದಾಗ ಆರು ತತ್ತಿ ಇಟ್ಕೊಂಡ ಬಸ್ ಹತ್ತಿದೆ ರಿ. ನಮ್ಮೂರಂತ ಈಗ ಉಳದಿದ್ದು ಇವಷ್ಟ."

ಹೀಗೆ ಹೇಳಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಆ ಸೋಮವಾರ ನಾನು ಗೇಟು ತಳ್ಳುವಷ್ಟರಲ್ಲಿ ಆಕೆ ಅಡ್ಡ ಬಂದಳು. ಕೈಯಲ್ಲಿ ತಂಬಿಗೆ.

"ಬರ್ರಿ ಅಕ್ಕಾರ. ಬೂಟ್ ಅಲ್ಲೇ ಬಿಡ್ರಿ. ಕಾಲಿಗೆ ನೀರ ತಗೋರ್ರಿ."

ಅದು ಅವರ ಕಡೆಯ ಮರ್ಯಾದೆ. ಮನೆಗೆ ಯಾರೇ ಬರಲಿ, ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಆಮೇಲೆ ಮಾತು. ನನಗೆ ಅವಸರ. "ನಾನೇನು ಮನೆಯೊಳಗೆ ಬರ್ತಿಲ್ಲಲ್ಲಮ್ಮ, ಕೋಳಿ ಹತ್ತಿರ ಹೋಗ್ತಿರೋದು" ಎಂದೆ.

"ಮನಿಯಾಗ ನಾ ಇರಾಕಿ ರಿ, ನನಗೇನ್ ಆಕ್ಕೈತಿ? ಮರಿ ಇರೂ ಜಾಗಾಕ್ಕ ಹೊರಗಿನ ಕಾಲು ಹಂಗ ಬರಬಾರ್ದು. ನಮ್ಮವ್ವ ಹೇಳತಿದ್ಲು."

"ಡಾಕ್ಟ್ರು ನಾನೋ ನೀವೋ?"

"ನೀವ ರಿ. ಕಾಲ ತೊಳೀರಿ."

ಪರೀಕ್ಷಕರು ಮೀಸೆಯೊಳಗೇ ನಕ್ಕರು. ಅವರೂ ತೊಳೆದರು, ನಾನೂ ತೊಳೆದೆ. ಕೈಗೆ ಸಾಬೂನಿನ ತುಂಡನ್ನೂ ಕೊಟ್ಟಳು. ಐಸ್ ಡಬ್ಬಿಯನ್ನು ಹೊರಗೇ ಇಡಿಸಿದಳು. ಸೀಸೆಯೊಂದನ್ನೇ ಹಿಡಿದು, ಬರಿಗಾಲಲ್ಲಿ, ಕಲ್ಲು ಚುಚ್ಚಿಸಿಕೊಳ್ಳುತ್ತ ಒಳಗೆ ಹೋಗಿ ಹತ್ತು ಹೇಟೆ, ಎರಡು ಹುಂಜಕ್ಕೆ ಹನಿ ಹಾಕಿದೆ. ಇನ್ನೊಂದು ಹೇಟೆ ಮೂಲೆಯ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಅದನ್ನು ಮುಟ್ಟಲು ಬಿಡಲಿಲ್ಲ.

"ಎಂಟು ದಿನ ಆತ್ರಿ ಕುಂತು. ಕಾವಿಗೆ ಕುಂತ ಕೋಳಿನ ಎಬ್ಬಸಂಗಿಲ್ಲ" ಎಂದಳು. ಜಾಗೃತಿ ಶಿಬಿರಗಳಲ್ಲಿ ಫಾರಂ ಮಾಲೀಕರಿಗೆ ಬಾಗಿಲಲ್ಲಿ ಔಷಧದ ನೀರಿನ ತೊಟ್ಟಿ ಇಡಿ, ಕಾಲು ಅದ್ದಿ ಒಳಗೆ ಬನ್ನಿ ಎಂದು ಗಂಟಲು ಹರಿಯುವಂತೆ ಭಾಷಣ ಮಾಡುವವಳು ನಾನೇ. ತಂಬಿಗೆಯ ನೀರಿನಲ್ಲಿ ಅದೇ ಪಾಠ ಕಂಡಾಗ ಮಾತ್ರ ಮೂಢನಂಬಿಕೆ ಎಂದುಕೊಂಡೆ.

ಬೂಟನ್ನು ಆಕೆಯ ಗೇಟಿನಲ್ಲೇ ಬಿಟ್ಟು, ಉಳಿದ ಹನಿಗಳನ್ನು ಅದೇ ಸಾಲಿನ ಮತ್ತೆ ಮೂರು ಮನೆಗಳಲ್ಲಿ ಬರಿಗಾಲಲ್ಲೇ ಮುಗಿಸಿದೆವು. ಸೀಸೆ ಖಾಲಿಯಾಯಿತು. ನನಗೆ ಸಮಾಧಾನವಾಯಿತು.

ಗುರುವಾರದ ಹೊತ್ತಿಗೆ ಫಾರಮ್ಮಿನಲ್ಲಿ ಸತ್ತ ಕೋಳಿಗಳನ್ನು ಎಣಿಸುವುದನ್ನೇ ಬಿಟ್ಟಿದ್ದರು. ಶೆಡ್ಡಿನ ಒಳಗೆ ಕಾಲಿಟ್ಟೆ. ಮೊಟ್ಟೆ ಕೋಳಿ ಶೆಡ್ಡೆಂದರೆ ಕಿವಿ ಗಡಚಿಕ್ಕುವ ಗಲಾಟೆ ಇರಬೇಕು. ಅಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು. ತಲೆಯ ಕೆಂಪು ಜುಟ್ಟುಗಳು ನೀಲಿಗಟ್ಟಿದ್ದವು, ಮುಖ ಊದಿತ್ತು, ಕಾಲಿನ ಚರ್ಮದ ಕೆಳಗೆ ಕೆಂಪು ಕಲೆಗಳು. ರಾಣಿಖೇತ್ ಹೀಗೆ ಮಾಡುವುದಿಲ್ಲ. ಹೊರಗೆ ಬಂದೆ. ನನ್ನ ಕಣ್ಣು ನೇರ ನನ್ನ ಬೂಟಿನ ಮೇಲೆ ಬಿತ್ತು.

ಆಮೇಲಿನದು ಕ್ರಮದಂತೆ ನಡೆಯಿತು. ಗಂಟಲು ಮತ್ತು ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು, ಮೂರು ಪದರದ ಡಬ್ಬಿಯಲ್ಲಿ ಐಸಿನೊಳಗೆ ಮುಚ್ಚಿ, ಜಿಲ್ಲಾ ಕಚೇರಿಯ ಜೀಪಿನಲ್ಲಿ ಕಳಿಸಿದೆವು. ಅಲ್ಲಿಂದ ಅದು ವಿಮಾನ ಹತ್ತಿ ಕೇಂದ್ರದ ಪ್ರಯೋಗಾಲಯಕ್ಕೆ ಹೋಯಿತು. ಮಂಗಳವಾರ ಮಧ್ಯಾಹ್ನ ಉಪನಿರ್ದೇಶಕರು ಫೋನು ಮಾಡಿದರು. "ಪಾಸಿಟಿವ್ ಕಣ್ರೀ. ಹಕ್ಕಿಜ್ವರ. ಎಲ್ಲ ಬಿಟ್ಟು ಪಂಚಾಯಿತಿ ಆಫೀಸಿಗೆ ಬನ್ನಿ."

ನಕ್ಷೆಯ ಮೇಲೆ ಫಾರಮ್ಮನ್ನು ನಡುವೆ ಇಟ್ಟು ಒಂದು ಕಿಲೋಮೀಟರಿನ ವೃತ್ತ ಎಳೆದರು. ಒಳಗಿರುವ ಕೋಳಿ, ಬಾತು, ಮೊಟ್ಟೆ, ಆಹಾರ, ಗೂಡು, ಎಲ್ಲವೂ ನಾಶ. ಕಲ್ಲು ಶೆಡ್ಡಿನ ಸಾಲು ವೃತ್ತದೊಳಗೆ ಬಂತು. ರಾಜಕಾಲುವೆಯ ಆಚೆ ರೊಟ್ಟಿ ಅಕ್ಕನ ಸಾಲು ಹೊರಗೆ ಉಳಿಯಿತು. ಗೆರೆ ಕಾಲುವೆಯ ಮೇಲೆಯೇ ಹೋಗಿತ್ತು. ಅದನ್ನು ನೋಡಿ ನನಗಾದ ಸಂತೋಷವನ್ನು ಯಾರಿಗೂ ಹೇಳಲಿಲ್ಲ.

ಬುಧವಾರ, ಗುರುವಾರ ಕೋಳಿ ಕೊಂದೆವು. ಕೊಂದೆವು ಎಂದೇ ಬರೆಯುತ್ತೇನೆ. ವರದಿಯಲ್ಲಿ 'ವಿಲೇವಾರಿ' ಎಂದು ಬರೆದೆ, ಇಲ್ಲಿ ಬೇಡ. ಬಿಳಿ ಪ್ಲಾಸ್ಟಿಕ್ ಉಡುಪು, ಕನ್ನಡಕ, ಮುಖಗವಸು, ಎರಡು ಜೊತೆ ಕೈಗವಸು, ಮೊಣಕಾಲವರೆಗೆ ಬೂಟು. ಬೆಳಿಗ್ಗೆ ರೋಗ ನಮಗೆ ತಗುಲದಂತೆ ಕೊಟ್ಟ ಮಾತ್ರೆ ನುಂಗಿ ಒಳಗೆ ಹೋದರೆ, ಎರಡು ಗಂಟೆಯಲ್ಲಿ ಬೂಟಿನೊಳಗೆ ಬೆವರು ತುಂಬಿ ಚಳಕ್ ಚಳಕ್ ಎನ್ನುತ್ತಿತ್ತು. ಒಬ್ಬರು ಹಿಡಿಯುವುದು, ಒಬ್ಬರು ಕುತ್ತಿಗೆ ತಿರುವುವುದು, ಒಬ್ಬರು ಚೀಲಕ್ಕೆ ಹಾಕುವುದು. ಯಂತ್ರ ತೋಡಿದ ಗುಂಡಿಯಲ್ಲಿ ಒಂದು ಪದರ ಚೀಲ, ಒಂದು ಪದರ ಸುಣ್ಣ. ಫಾರಂ ಮಾಲೀಕ ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಸಂಜೆ ನಾನು ಹತ್ತಿರ ಹೋದಾಗ, "ಗಲಾಟೆ ಇಲ್ದೆ ಕಿವಿ ನೋಯ್ತಿದೆ ಮೇಡಂ" ಎಂದ.

ಕಲ್ಲು ಶೆಡ್ಡಿನ ಸಾಲಿನಲ್ಲಿ ಮನೆಮನೆಯಿಂದ ಬುಟ್ಟಿಗಳು ಬಂದವು. ಕೆಲವರು ಮಂಚದ ಕೆಳಗೆ ಬಚ್ಚಿಟ್ಟರು. ಕೋಳಿ ತಾನೇ ಕೂಗಿ ಸಿಕ್ಕಿಬಿತ್ತು. ಒಂದು ಬುಟ್ಟಿ ತೆರೆದಾಗ ಒಳಗೆ ಎರಡು ಬೂದು ಕೋಳಿಗಳು, ತಲೆಯ ಮೇಲೆ ಗರಿಯ ಜುಟ್ಟು. ಕಲ್ಲು ಕೊಯ್ಯುವವನ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು, "ರೊಟ್ಟಿ ಅಕ್ಕ ಕೊಟ್ಟಿದ್ದು. ಹೊರಗೆ ಕೊಟ್ಟಿದ್ದು ಇದೊಂದೇ ಜೊತೆಯಂತೆ" ಎಂದಳು. ಅವನ್ನು ನಾನೇ ಹಿಡಿದೆ. ಕಾಲುವೆಯ ಆಚೆಯವು ಇವೆಯಲ್ಲ ಎಂದು ಧೈರ್ಯ ತಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಪಂಚಾಯಿತಿ ಸಭಾಂಗಣದಲ್ಲಿ ರೋಗದ ಜಾಡು ಹಿಡಿಯುವ ಕೆಲಸ. ರೋಗದ ಮೊದಲ ಚಿಹ್ನೆ ಕಂಡ ಮೇಲೆ ಫಾರಂ ಒಳಗೆ ಯಾರು ಹೋದರು, ಅಲ್ಲಿಂದ ಎಲ್ಲಿಗೆ ಹೋದರು, ಅಲ್ಲಿ ಕೋಳಿ ಮುಟ್ಟಿದರೇ? ಇದಕ್ಕೊಂದು ನಮೂನೆ ಇತ್ತು. ಆಹಾರ ತಂದ ಲಾರಿಯವನು, ಮೊಟ್ಟೆ ಒಯ್ಯುವವನು, ಗೊಬ್ಬರ ಕೊಂಡವನು, ಎಲ್ಲರ ಹೆಸರನ್ನೂ ನಾನೇ ತುಂಬಿಸುತ್ತಿದ್ದೆ. ನಾಲ್ಕನೆಯ ಸಾಲು ಖಾಲಿ ಉಳಿಯಿತು. ಅದರಲ್ಲಿ ಬರಬೇಕಾದ ಹೆಸರು ನನ್ನದು.

ಪರೀಕ್ಷಕರು ನನ್ನ ಪೆನ್ನು ನಿಂತದ್ದನ್ನು ನೋಡಿದರು. ಕುರ್ಚಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು.

"ನಿಮ್ಮೆಸ್ರು ಯಾಕ್ ಬರೀತೀರ ಮೇಡಂ? ಆ ಕಡೆ ಒಂದು ಕೋಳೀನೂ ಸತ್ತಿಲ್ಲ. ನಾನ್ ದಿನಾ ಓಗ್ ನೋಡ್ಕೊಂಡ್ ಬತ್ತಿದೀನಿ. ಇಂಗೆ ಬರುದ್ರೆ ಆಯಮ್ಮನ್ ಕೋಳಿ ಉಳಿಯಾಕಿಲ್ಲ."

"ನಾವು ಹೋಗಿದ್ದು ನಿಜ ಅಲ್ವಾ?"

"ನಿಜಾನೇ. ಕಾಲ್ ತೊಳ್ದಿದ್ದೂ ನಿಜಾನೇ. ಅದ್ನ ಬರ್ಯಾಕೆ ಎಲ್ಲೈತೆ ಜಾಗ?"

ಜಾಗವಿರಲಿಲ್ಲ. ಮೂರು ಕಲಂ ಇದ್ದವು. ಹೆಸರು, ಹೋದ ಸ್ಥಳ, ಕೋಳಿ ಮುಟ್ಟಿದರೇ ಇಲ್ಲವೇ.

ರೊಟ್ಟಿ ಅಕ್ಕನ ಸಾಲಿನಲ್ಲಿ ಒಂದೊಂದು ಕೋಣೆಯಲ್ಲಿ ಎಂಟೆಂಟು ಜನ ಮಲಗುತ್ತಾರೆ, ಬಾಗಿಲ ಪಕ್ಕವೇ ಕೋಳಿ ಬುಟ್ಟಿ. ರೋಗ ಕೋಳಿಯಲ್ಲಿ ಕಾಣಲು ದಿನಗಳು ಹಿಡಿಯಬಹುದು. ಕೋಳಿಯಿಂದ ಒಂದು ಮಗುವಿಗೆ ದಾಟಿದರೆ, ಆ ಮಗುವಿನ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ? ರಾಣಿಖೇತ್ ಎಂದು ಒಂದು ಸಲ ಧೈರ್ಯವಾಗಿ ಹೇಳಿ ಆಗಿತ್ತು. ಈ ಸಲ 'ಏನೂ ಆಗಿರುವುದಿಲ್ಲ' ಎಂದು ಅದೇ ಧೈರ್ಯದಿಂದ ಹೇಳುವ ಬಾಯಿ ನನಗಿರಲಿಲ್ಲ. ಹೆಸರು ಬರೆದೆ. ಹೋದ ಸ್ಥಳ ಬರೆದೆ. ಮುಟ್ಟಿದರೇ ಎಂಬಲ್ಲಿ ಹೌದು ಎಂದು ಬರೆದೆ. ಪರೀಕ್ಷಕರು ಎದ್ದು ಹೊರಗೆ ಹೋದರು.

ಉಪನಿರ್ದೇಶಕರು ಕೆಟ್ಟವರಲ್ಲ. ಮೂರು ದಿನದಿಂದ ಮನೆಗೆ ಹೋಗಿರಲಿಲ್ಲ, ಕಣ್ಣು ಕೆಂಪಾಗಿದ್ದವು. ನನ್ನ ಸಾಲನ್ನು ಎರಡು ಸಲ ಓದಿದರು.

"ಬೂಟು ಹೊರಗೆ ಬಿಟ್ಟು ಕಾಲು ತೊಳೆದಿದ್ವಿ ಸಾರ್. ಕೈಗೆ ಸೋಪು ಹಾಕಿದ್ವಿ. ಐಸ್ ಡಬ್ಬಿ ಕೂಡ ಒಳಗೆ ಹೋಗಿಲ್ಲ."

"ಸೀಸೆ?"

ನಾನು ನನ್ನ ಕೈ ನೋಡಿಕೊಂಡೆ.

"ಸೀಸೆ ಕಲ್ಲು ಶೆಡ್ಡಿಂದ ನಿಮ್ಮ ಕೈಯಲ್ಲೇ ಹೋಗಿದ್ದಲ್ವೇನ್ರೀ? ಅದನ್ನ ತೊಳೆದ್ರಾ?"

"ಇಲ್ಲ ಸಾರ್."

"ಪ್ರಮಾಣ ಮಾಡಿ ಏನೂ ಹೋಗಿಲ್ಲ ಅಂತ ಹೇಳ್ತೀರಾ? ಹೇಳಿ, ನಾನು ಬಿಡ್ತೀನಿ."

"ಸ್ಯಾಂಪಲ್ ಕಳಿಸಿ ಕಾಯೋಣ ಸಾರ್. ಗೇಟಿಗೆ ಬೀಗ ಹಾಕಿ ನಾನೇ ಕಾವಲು ಇರ್ತೀನಿ."

"ವಾರ ಆಗತ್ತೆ ಕಣಮ್ಮ. ಅಷ್ಟರಲ್ಲಿ ಒಂದು ಕಾಗೆ ಇಳಿದು ಹೋದ್ರೆ?" ಅವರು ಪೆನ್ನಿನ ಮುಚ್ಚಳ ಹಾಕಿದರು. "ಸ್ಯಾಂಪಲ್ ತಗೊಳ್ಳಿ. ಆದ್ರೆ ಕಾಯೋದು ಬೇಡ. ನಾಳೆನೇ ಮುಗಿಸಿ. ನೀವು ಹೋಗ್ಬೇಕಂತಿಲ್ಲ, ಬೇರೆ ತಂಡ ಕಳಿಸ್ತೀನಿ."

ನಾನೇ ಹೋಗುತ್ತೇನೆ ಎಂದೆ. ಅದು ಧೈರ್ಯವಲ್ಲ. ಬೇರೆಯವರು ಹೋದರೆ ಆಕೆ ಗೇಟು ತೆಗೆಯುವುದಿಲ್ಲ, ಎಳೆದಾಟವಾಗುತ್ತದೆ ಎಂದು ಹೆದರಿಕೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಗೇಟಿನ ಮುಂದೆ ನಿಂತೆವು. ನಾನು, ಪರೀಕ್ಷಕರು, ಇಬ್ಬರು ಸಹಾಯಕರು. ನಾಲ್ಕೂ ಜನ ತಲೆಯಿಂದ ಕಾಲವರೆಗೆ ಬಿಳಿ. ರೊಟ್ಟಿ ಅಕ್ಕ ಗೇಟು ತೆರೆದು ಒಂದು ಹೆಜ್ಜೆ ಹಿಂದೆ ಸರಿದಳು. ಗುರುತು ಸಿಗಲಿಲ್ಲ.

"ನಾನು ಕಣಮ್ಮ" ಎಂದೆ.

ದನಿ ಕೇಳಿ ಮುಖ ಸಡಿಲಾಯಿತು. ಒಳಗೆ ಹೋಗಿ ತಂಬಿಗೆ ತಂದಳು. ನಾಲ್ಕು ಜನಕ್ಕಾಗುವಷ್ಟು ಬಕೆಟ್ಟಿನಲ್ಲಿ ನೀರನ್ನೂ ತಂದಳು.

"ಈ ಬೂಟು ತೆಗೆಯೋ ಹಾಗಿಲ್ಲ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಫಾರಂ, ಸೀಸೆ, ನಮೂನೆ, ನನ್ನ ಹೆಸರು. ಮುಖಗವಸಿನ ಹಿಂದಿನಿಂದ ಹೇಳುತ್ತಿದ್ದುದರಿಂದ ಅರ್ಧ ಕೇಳಿಸಲಿಲ್ಲವೇನೋ, ಎರಡು ಸಲ ಹೇಳಬೇಕಾಯಿತು.

ಆಕೆ ಕೂಗಾಡಬಹುದೆಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಇವಕ್ಕ ಜಡ್ಡ ಬಂದೈತೇನ್ರಿ ಅಕ್ಕಾರ?"

"ಗೊತ್ತಿಲ್ಲಮ್ಮ. ಬಂದಿರಬಹುದು."

"ನೀವು ಬಂದಿರಬಹುದು ಅಂದ್ರ ಬಂದಿರತೈತಿ. ನೀವು ಸುಳ್ಳ ಹೇಳಾಕಿ ಅಲ್ಲ." ತಂಬಿಗೆಯನ್ನು ಗೋಡೆಯ ಪಕ್ಕ ಇಟ್ಟಳು. "ಬರ್ರಿ, ಹಂಗ ಬರ್ರಿ."

ಬೂಟು ಹಾಕಿಕೊಂಡೇ ಒಳಗೆ ಹೋದೆವು. ಆ ಜಾಗಕ್ಕೆ ತೊಳೆಯದ ಕಾಲು ಹೋದದ್ದು ಅದೇ ಮೊದಲಿರಬೇಕು. ಕೋಳಿಗಳು ಆಕೆಯ ಕೈ ಸದ್ದಿಗೆ ಓಡಿಬಂದವು. ಹಿಡಿಯುವ ಕಷ್ಟವೇ ಇರಲಿಲ್ಲ. ಪ್ರತಿಯೊಂದರ ಗಂಟಲಿನ ಮಾದರಿ ತೆಗೆದು ಸೀಸೆಗೆ ಸಂಖ್ಯೆ ಬರೆದೆ, ಆಮೇಲೆ ಸಹಾಯಕರಿಗೆ ಕೊಟ್ಟೆ. ಆಕೆ ಪ್ರತಿಯೊಂದನ್ನೂ ಎತ್ತಿಕೊಡುವಾಗ ಜುಟ್ಟನ್ನು ಒಮ್ಮೆ ಬೆರಳಿಂದ ನೇವರಿಸುತ್ತಿದ್ದಳು. ಕೊನೆಗೆ ಮೂಲೆಯ ಬುಟ್ಟಿ ಉಳಿಯಿತು.

ಸಹಾಯಕನೊಬ್ಬ ಕೈ ಚಾಚಿದ. ಆಕೆ ಅವನ ಮೊಣಕೈ ಹಿಡಿದಳು. ಅಷ್ಟು ಹೊತ್ತಿನಲ್ಲಿ ಆಕೆ ತಡೆದದ್ದು ಅದೊಂದೇ ಸಲ.

"ನೀ ಬ್ಯಾಡಪ್ಪ. ಕಾವಿಂದ ನಾ ಎಬ್ಬಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಇವತ್ತಿಗೆ ಇಪ್ಪತ್ತು ದಿನ ರಿ. ನಾಳೆ ಒಡೀತಾವ. ಇದನ್ನ ಸೀಸೇದ ಹನಿ ಸುದ್ದಾ ಮುಟ್ಟಿಲ್ಲ. ತತ್ತಿ ಅಷ್ಟ ಬಿಡಾಕ ಬರಂಗಿಲ್ಲೇನ್ರಿ? ನಾ ಒಲಿ ಬಾಜೂಕ ಅರಿವ್ಯಾಗ ಇಟ್ಟ ಮರಿ ಮಾಡ್ಕೋತೀನಿ. ಯಾರಿಗೂ ತೋರಸಂಗಿಲ್ಲ" ಎಂದಳು.

ಒಂದು ಮೊಟ್ಟೆ ಎತ್ತಿ ನನ್ನ ಕೈಗೆ ಕೊಟ್ಟಳು. ಎರಡು ಕೈಗವಸಿನ ಮೂಲಕವೂ ಅದರ ಬಿಸಿ ತಾಗಿತು. ಉಡುಪಿನ ಟೋಪಿಯ ಮೇಲಿಂದಲೇ ಕಿವಿಗೆ ಹಿಡಿದೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಳಗಿಂದ ಸಣ್ಣಗೆ, ಚಿಂಯ್ ಎಂದಿತು.

ಪರೀಕ್ಷಕರು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು, ಬಿಟ್ಟುಬಿಡಿ ಮೇಡಂ, ನಾನೂ ನೋಡಿಲ್ಲ, ನೀವೂ ನೋಡಿಲ್ಲ ಎನ್ನುತ್ತಿತ್ತು. ಒಂಬತ್ತು ಮೊಟ್ಟೆ. ಒಂದು ಬಟ್ಟೆಯ ಗಂಟಿನಲ್ಲಿ ಮುಗಿಯುತ್ತಿತ್ತು. ನನಗೆ ಬಿಡಬೇಕೆನಿಸಿತು, ಈಗಲೂ ಆ ಆಸೆ ಹಾಗೇ ಇದೆ. ಆದರೆ ಕೋಳಿಗೆ ರೋಗವಿದ್ದರೆ ಚಿಪ್ಪಿಗೂ ಇರುತ್ತದೆ, ಅದನ್ನು ಒಲೆಯ ಪಕ್ಕ, ಆಕೆ ರೊಟ್ಟಿ ಬಡಿಯುವ ಕೈಯ ಪಕ್ಕ ಇಡುತ್ತಾಳೆ.

"ಆಗಲ್ಲಮ್ಮ" ಎಂದೆ.

ಆಕೆ ತಲೆಯಾಡಿಸಿದಳು. ಹೇಟೆಯ ರೆಕ್ಕೆಯ ಕೆಳಗೆ ಎರಡೂ ಕೈ ತೂರಿಸಿ ಮೆಲ್ಲಗೆ ಎತ್ತಿದಳು. ಅದು ಕೊರ್ ಎಂದು ಗದರಿ, ಆಕೆಯ ಕೈ ಎಂದು ತಿಳಿದು ಸುಮ್ಮನಾಯಿತು. ಅದನ್ನು ನನ್ನ ಕೈಗೆ ಕೊಟ್ಟು, ಆಕೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮೊಟ್ಟೆಗಳನ್ನು ಚೀಲಕ್ಕೆ ಹಾಕಿದೆ. ಸುಣ್ಣ ಸುರಿದೆವು, ಜಾಗಕ್ಕೆ ಔಷಧಿ ಹೊಡೆದೆವು, ಗೇಟಿಗೆ ಸೂಚನಾಪತ್ರ ಅಂಟಿಸಿದೆವು. ಸಾಲಿನ ಉಳಿದ ಮೂರು ಮನೆಗಳಲ್ಲೂ ಇದನ್ನೇ ಮಾಡಿದೆವು. ಜೀಪಿನಲ್ಲಿ ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕವನ್ನಲ್ಲ, ಕಣ್ಣನ್ನು.

ಒಂಬತ್ತನೆಯ ದಿನ ಉಪನಿರ್ದೇಶಕರ ಫೋನು. ದನಿಯಲ್ಲಿ ಎಷ್ಟೋ ದಿನಕ್ಕೆ ಮೊದಲ ಸಲ ನಗು.

"ಒಳ್ಳೆ ಸುದ್ದಿ ಕಣ್ರೀ. ಕಾಲುವೆ ಆಚೆದೆಲ್ಲ ನೆಗೆಟಿವ್. ಒಂದರಲ್ಲೂ ಇಲ್ಲ. ರೋಗ ಅಲ್ಲಿಗೆ ದಾಟೇ ಇಲ್ಲ. ಸದ್ಯ, ಉಳ್ಕೊಂಡ್ವಿ."

"ಹೌದು ಸಾರ್" ಎಂದೆ. ಫೋನಿಟ್ಟ ಮೇಲೆ ಕುರ್ಚಿಯಲ್ಲಿ ಕೂತು ಅತ್ತೆ. ಆಸ್ಪತ್ರೆಯಲ್ಲಿ ನಾನು ಅತ್ತದ್ದು ಆ ಒಂದೇ ಸಲ. ಹೊರಗೆ ಯಾರೋ ಮೇಕೆ ಹಿಡಿದು ಕಾಯುತ್ತಿದ್ದರು, ಪರೀಕ್ಷಕರು ಅವರನ್ನು ಹತ್ತು ನಿಮಿಷ ಮಾತಿಗೆ ಹಿಡಿದಿಟ್ಟುಕೊಂಡರು.

ನಾನು ಬ್ಯಾಗು ಹೆಗಲಿಗೇರಿಸಿದಾಗ ಎಲ್ಲಿಗೆ ಹೊರಟೆನೆಂದು ಪರೀಕ್ಷಕರಿಗೆ ತಿಳಿಯಿತು. "ಏಳಾಕ್ ಓಗ್ಬ್ಯಾಡಿ ಮೇಡಂ. ಜಡ್ಡಿತ್ತು ಅಂತ ಅಂದ್ಕೊಂಡವ್ರೆ, ಅಂಗೇ ಇರ್ಲಿ. ಅಷ್ಟ್ ಸಮಾಧಾನ ಆದ್ರೂ ಇರ್ಲಿ."

ಅವರು ಹೇಳಿದ್ದು ಸರಿಯಿರಬಹುದು. ಆದರೆ ನೀವು ಸುಳ್ಳು ಹೇಳುವವರಲ್ಲ ಎಂದು ಆಕೆ ನಂಬಿ ಕೋಳಿ ಎತ್ತಿಕೊಟ್ಟಿದ್ದಳು. ಆ ನಂಬಿಕೆಯನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿಯಲು ನನ್ನಿಂದಾಗಲಿಲ್ಲ.

ಹನ್ನೊಂದರ ಹೊತ್ತು. ಪಾಳಿಗೆ ಹೋಗುವವರು ಹೋಗಿ ಸಾಲು ಖಾಲಿಯಾಗಿತ್ತು. ನಮ್ಮ ಸೂಚನಾಪತ್ರ ಅರ್ಧ ಹರಿದು ಗೇಟಿನಲ್ಲಿ ಜೋತಾಡುತ್ತಿತ್ತು. ಒಳಗೆ ಸೈಟಿನ ಮೇಲೆ ಸುಣ್ಣದ ಬಿಳುಪು ಇನ್ನೂ ಇತ್ತು. ನಾನಾಗಿಯೇ ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ, ಕಾಲುಚೀಲ ತೆಗೆದೆ, ತಂಬಿಗೆಗಾಗಿ ಹುಡುಕಿದೆ. ಎಂದಿನ ಜಾಗದಲ್ಲಿ ಅದು ಇರಲಿಲ್ಲ. ಆಕೆ ಕೋಣೆಯ ಹಿಂಬಾಗಿಲ ಬಳಿ ಒಲೆಯ ಮುಂದೆ ಕೂತು ಮಧ್ಯಾಹ್ನದ ಪಾಳಿಯವರಿಗೆ ರೊಟ್ಟಿ ಬಡಿಯುತ್ತಿದ್ದಳು.

ಗೇಟಿನ ಹೊರಗೇ ನಿಂತು ಹೇಳಿದೆ. ಫಲಿತಾಂಶ ಬಂತು, ನಿಮ್ಮ ಕೋಳಿಗಳಿಗೆ ಏನೂ ಇರಲಿಲ್ಲ, ಒಂದಕ್ಕೂ ಇರಲಿಲ್ಲ. ಅವತ್ತು ನೀವು ಕಾಲು ತೊಳೆಸಿದ್ದರಿಂದಲೇ ಇರಬೇಕು. ನಾನು ತಪ್ಪು ಮಾಡಿದೆ.

ರೊಟ್ಟಿ ಬಡಿಯುವ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಅದನ್ನು ತಿರುವಿ ಹಾಕಿ, ಬಟ್ಟೆಯಿಂದ ಒತ್ತಿ ಬೇಯಿಸಿ, ಬುಟ್ಟಿಗೆ ಹಾಕಿದ ಮೇಲೆ ತಲೆ ಎತ್ತಿದಳು.

"ಚಲೋ ಆತ್ರಿ. ಜಡ್ಡ ಹಚ್ಕೊಂಡ ಒದ್ದಾಡಿ ಹೋಗಲಿಲ್ಲಲ್ಲ."

ಆಕೆ ಸೆರಗಿನಿಂದ ಹಿಟ್ಟು ಒರೆಸಿಕೊಂಡು ಒಂದು ಮಣೆ ಎಳೆದಳು. "ಬಿಸಿ ರೊಟ್ಟಿ ಅದಾವ, ಹಚ್ಕೊಂಡ ತಿನ್ನಾಕ ಶೇಂಗಾ ಹಿಂಡಿ ಐತಿ. ಒಳಗ ಬರ್ರಿ."

"ಕಾಲಿಗೆ ನೀರು ಕೊಡಿ" ಎಂದೆ.

ಆಕೆ ಖಾಲಿ ಸೈಟಿನ ಕಡೆ ನೋಡಿದಳು.

"ಬ್ಯಾಡ ಬಿಡ್ರಿ ಅಕ್ಕಾರ. ಬೂಟ್ ಹಾಕ್ಕೊಂಡ ಬರ್ರಿ. ಒಳಗ ಈಗ ಯಾರ ಅದಾರ್ರಿ?"

ನಾನು ಬರಿಗಾಲಲ್ಲಿ ಗೇಟಿನ ಹೊರಗೇ ನಿಂತಿದ್ದೆ.